ಸ್ವಂತ ಖುಷಿಲೆ ಇದ್ದೇನಿ

"ತಿಕ್ಕ ಬೇ ಬರ್ಮಾ, ನನ್ನ ಮಾರಿ ಏನ್ ನೋಡ್ತಿ? ನಿಮ್ಮ ದೇಶಕ್ಕ ಬ್ಯಾಡಾದ ಹೊಲಸು, ತಂದು ನನ್ನ ಕೊಳ್ಳಾಗ ಕಟ್ಯಾರ!"

ಮೇಲ್ವಿಚಾರಕ ಸಂಗನಬಸವ ಬೂಟುಗಾಲಿನಿಂದ ಬಕೆಟ್ ಒದ್ದ. ಸಾಬೂನು ನೀರು ಸುರೈಯಾಳ ಮಡಿಲಿಗೆ ಹರಿಯಿತು. ಅವಳು ಸೀರೆ ಹಿಂಡಿಕೊಂಡು ಮತ್ತೆ ನೆಲ ತಿಕ್ಕತೊಡಗಿದಳು. ಮರುದಿನ ತಪಾಸಣೆಗೆ ನ್ಯಾಯಾಧೀಶರು ಬರುವವರಿದ್ದರು. ಯಾರೂ ಎಂದೂ ತೊಳೆಯದ ಪಡಸಾಲೆ ಈಗ ಹೊಳೆಯಬೇಕಿತ್ತು.

ವಿಜಯಪುರದ ಹೊರಗೆ, ಅರಕೇರಿ ದಾರಿಯಲ್ಲಿದ್ದ ಹಳೆಯ ಹಾಸ್ಟೆಲ್ ಅದು. ಕಿಟಕಿಗಳಿಗೆ ಕಬ್ಬಿಣ ಬಡಿದು, ಗೋಡೆಯ ಮೇಲೆ ಮುಳ್ಳುತಂತಿ ಸುತ್ತಿ, 'ವಿದೇಶಿಯರ ತಂಗುದಾಣ' ಎಂದು ಬೋರ್ಡು ಹಾಕಿದ್ದರು.

ಸುರೈಯಾ ಆ ವಿದೇಶಿಯರಲ್ಲಿ ಒಬ್ಬಳು. ಮೂರು ವರ್ಷದವಳಿದ್ದಾಗ ತಾಯಿ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಬರ್ಮಾದಿಂದ ಓಡಿಬಂದಿದ್ದಳು. ತಿಕೋಟಾದ ಕನ್ನಡ ಶಾಲೆಯಲ್ಲಿ ನಾಲ್ಕನೆಯವರೆಗೆ ಓದಿ, ಅಲ್ಲಿಯ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕಡ್ಡಿ ಆರಿಸುತ್ತ ದೊಡ್ಡವಳಾದಳು. ಮದುವೆಯಾದಳು, ಹೀನಾಳನ್ನು ಹೆತ್ತಳು, ಗಂಡನನ್ನು ಮಣ್ಣು ಮಾಡಿದಳು, ಎಲ್ಲ ಅಲ್ಲೇ. ಒಂದು ದಿನ ಶೆಡ್ಡಿಗೆ ಬಂದ ಪೊಲೀಸರು ಕಾಗದ ಕೇಳಿದರು. ಇರಲಿಲ್ಲ. ಕೋರ್ಟು ಮೂರು ತಿಂಗಳ ಶಿಕ್ಷೆ ಕೊಟ್ಟಿತು. ಶಿಕ್ಷೆ ಮುಗಿದ ದಿನ ಜೈಲಿನ ಬಾಗಿಲಲ್ಲೇ ಜೀಪು ನಿಂತಿತ್ತು. ಅವಳ ದೇಶಕ್ಕೆ ಕಳಿಸುವವರೆಗೆ ಇಲ್ಲಿ ಇರಬೇಕಂತೆ. ಆ ದೇಶವೋ, ಇವಳು ನಮ್ಮವಳಲ್ಲ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡಿತು. ಕಳಿಸುವ ಊರೇ ಇಲ್ಲ; ಆದರೂ ಕಳಿಸುವವರೆಗೆ ಇರಬೇಕು.

ಮಧ್ಯಾಹ್ನ ಸಂಗನಬಸವ ಒಂದು ಹಾಳೆ ಎಸೆದ. "ಎಲ್ಲಾರೂ ಹೆಬ್ಬೆಟ್ಟು ಒತ್ಯಾರ. ನೀನೂ ಒತ್ತು."

ಸುರೈಯಾ ಓದಿದಳು: 'ನಾನು ಈ ಕೇಂದ್ರದಲ್ಲಿ ಸ್ವಇಚ್ಛೆಯಿಂದ ವಾಸವಾಗಿದ್ದು, ನನ್ನನ್ನು ಯಾರೂ ಬಂಧನದಲ್ಲಿ ಇಟ್ಟಿರುವುದಿಲ್ಲ.'

"ಇದು ಸುಳ್ಳೈತ್ರಿ."

"ನಾಕನೇತ್ತಾ ಓದಿದ್ದಕ್ಕ ಕೊಬ್ಬೇನ ರಂಡೆ? ಒತ್ತಿದ್ರ ಮಗಳ ಭೇಟಿ ಮಾಡಸ್ತೇನಿ. ಇಲ್ಲಂದ್ರ ಆಕಿ ಕಾಗದಾನೂ ಕೇಳಬೇಕಾಗತೈತಿ."

ಹೀನಾಳಿಗೆ ಹನ್ನೊಂದು ವರ್ಷ. ಶೆಡ್ಡಿನ ಗೆಳತಿ ಮುರಿಗೆವ್ವ ಸಾಕುತ್ತಿದ್ದಳು. ಈ ನಾಯಿ ಇವತ್ತು ಬಿಟ್ಟರೂ ನಾಳೆ ಮಗಳಿಗೂ ಬಾಯಿ ಹಾಕುತ್ತದೆ ಎಂದು ಸುರೈಯಾಳಿಗೆ ಗೊತ್ತಿತ್ತು. ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಇಸಿದುಕೊಂಡು ದುಂಡಗೆ ಸಹಿ ಮಾಡಿದಳು.

ಅಡುಗೆಯ ಸಾವಂತ್ರವ್ವ ಅರಕೇರಿಯವಳು, ಗುತ್ತಿಗೆಯ ಕೂಲಿ. ರೊಟ್ಟಿ ಕೊಡುವಾಗ ಬೈದಳು. "ಯಾಕ ಮಾಡಿದಿ ಬೇ? ನಾಳಿ ಕೇಳಾಕ ಏನ್ ಉಳೀತು?"

"ಉಳದೈತಿ ಯಕ್ಕಾ," ಎಂದಳು ಸುರೈಯಾ.

ಮರುದಿನ ನ್ಯಾಯಾಧೀಶರಿಗೆ ಶಾಲು ಹೊದಿಸಿ, ಹಾರ ಹಾಕಿ, ಬಾದಾಮಿ ಹಾಲು ಕೊಟ್ಟ ಸಂಗನಬಸವ ಹಾಳೆಗಳನ್ನು ಮುಂದಿಟ್ಟ. "ಇಲ್ಲಿ ಯಾರನ್ನೂ ಕೂಡಿಹಾಕಿಲ್ರಿ ಸರ್. ಎಲ್ಲಾರೂ ಸ್ವಂತ ಖುಷಿಲೆ ಅದಾರ."

"ಖರೇನ್ರಿ ಸಾಹೇಬ್ರ," ಸುರೈಯಾ ಸಾಲಿನಿಂದ ಮುಂದೆ ಬಂದಳು. "ನಾನೂ ಸಹಿ ಮಾಡೇನಿ. ಇಷ್ಟ ದಿನಾ ಖುಷಿಲೆ ಇದ್ದೆ. ಈಗ ಖುಷಿ ತೀರೈತಿ. ಹೊಂಟೇನ್ರಿ."

ಚಪ್ಪಲಿ ಮೆಟ್ಟಿ ಗೇಟಿನ ಕಡೆ ನಡೆದಳು. ತಡವಾಗಿ ಎಚ್ಚೆತ್ತ ಸಂಗನಬಸವ ಚೀರಿದ, "ಹಿಡೀರಲೇ ಆ ಬೋಸಡಿನ್ನ!"

ಇಬ್ಬರು ಪೇದೆಗಳು ಅವಳ ರಟ್ಟೆ ಹಿಡಿದರು. ಅವಳು ತಿರುಗಿ ನಕ್ಕಳು. "ಕೇಳಿದ್ರಿಲ್ರಿ ಸಾಹೇಬ್ರ? ಇದನ್ನೂ ಬರಕೋರಿ."

ನ್ಯಾಯಾಧೀಶರು ಲೋಟ ಕೆಳಗಿಟ್ಟರು. "ಇವಳಿಗೆ ಶಿಕ್ಷೆ ಎಷ್ಟಿತ್ತು?"

"ಮೂರ್ ತಿಂಗಳ್ರಿ."

"ಮುಗಿದು?"

"ಐದನೇ ವರ್ಷ ನಡದೈತ್ರಿ."

"ಎಲ್ಲಿಯವರೆಗೆ ಇಡಬೇಕು ಅಂತ ಆದೇಶದಲ್ಲಿ ಎಲ್ಲಿದೆ?"

ಸಂಗನಬಸವ ಫೈಲು ಮುಂದಿನಿಂದ ತಿರುವಿದ, ಹಿಂದಿನಿಂದ ತಿರುವಿದ. ಎಲ್ಲೂ ಇರಲಿಲ್ಲ.

"ಹ್ಞೂಂ. ಪರಿಶೀಲಿಸೋಣ," ಎಂದ ನ್ಯಾಯಾಧೀಶರು ಉಳಿದ ಹಾಲು ಮುಗಿಸಿ, ಶಾಲು ಮಡಚಿಕೊಂಡು ಕಾರು ಹತ್ತಿದರು.

ಕಾರಿಗಾಗಿ ಗೇಟು ತೆರೆಯಿತು. ಪೇದೆಗಳು ಸೆಲ್ಯೂಟಿಗೆಂದು ಕೈಬಿಟ್ಟದ್ದೇ ತಡ, ಸುರೈಯಾ ಹೋಗಿ ಗೇಟಿನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಸಾವಂತ್ರವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಅವರ ಹಿಂದೆ ಹೆಬ್ಬೆಟ್ಟು ಒತ್ತಿದವರೆಲ್ಲ ಒಬ್ಬೊಬ್ಬರೇ ಬಂದು ಕೂತರು.

"ಸಾವಂತ್ರಿ, ನಾಳಿಂದ ನಿನಗ ಕೆಲಸ ಇಲ್ಲ!" ಸಂಗನಬಸವ ಕಿರುಚಿದ. ಸಾವಂತ್ರವ್ವ ಅವನ ಕಡೆ ತಿರುಗದೆ ಉಗುಳಿದಳು.

ಡ್ರೈವರ್ ಹಾರ್ನ್ ಬಾರಿಸಿದ. ಮತ್ತೆ ಬಾರಿಸಿದ.

"ಬಾರಸಪಾ, ಬಾರಸ," ಎಂದಳು ಸುರೈಯಾ. "ನಮಗೇನ್ ಗಡಿಬಿಡಿ ಇಲ್ಲ."