ಸಂಜುಕುಮಾರ ಊರಿಗೆ ಒಪ್ಪಿಸಿದ ರಸ್ತೆ

ಮೆಹರಾಜಬೇಗಂಗೆ ಸಿಟ್ಟು ಬಂದರೆ ಜೇವರ್ಗಿಯಲ್ಲಿ ಒಲೆಯ ಮೇಲಿನ ಹಾಲು ತಾನಾಗಿ ಒಡೆಯುತ್ತದೆ, ಪಕ್ಕದ ಅಂದೋಲಾದ ನಾಯಿಗಳು ಅಲ್ಲಿಂದಲೇ ಬಾಲ ಮುದುಡಿಕೊಳ್ಳುತ್ತವೆ. ನಂಬದವರು ಆಕೆಯ ಹತ್ತಿರ ಕೊಂಡ ಬದನೆಕಾಯಿಯನ್ನು ಒಮ್ಮೆ ವಾಪಸು ಕೊಟ್ಟು ನೋಡಬೇಕು. ಅಂಥವಳ ಕಾಯಿಪಲ್ಯದ ಬುಟ್ಟಿಯನ್ನು ಒದ್ದು ಗಟಾರಕ್ಕೆ ಕೆಡವಿದ ಗಂಡಸು ಮೂರು ಲೋಕದಲ್ಲಿ ಒಬ್ಬನೇ. ಲೇಔಟ್ ಸಂಜುಕುಮಾರ.

ಬುಟ್ಟಿ ಒದ್ದದ್ದಕ್ಕೆ ಅವನಿಗೊಂದು ಕಾರಣವಿತ್ತು. ಊರ ಹೊರಗಿನ ತನ್ನ ಹೊಲವನ್ನು ಪ್ಲಾಟು ಮಾಡಿ, ನಡುವೆ ಒಂದು ರಸ್ತೆ ಹಾಸಿದ್ದ. ಎಂಥ ರಸ್ತೆ ಅಂತೀರಿ? ಅದರ ಮೇಲೆ ವಿಮಾನ ಇಳಿಸಿದರೆ ಪೈಲಟ್ಟು ಚಹಾ ಚೆಲ್ಲದೆ ಕುಡಿಯಬಹುದಿತ್ತು. ಆ ರಸ್ತೆಗೇ ಬಾಗಿಲು ಮಾಡಿ ತನಗೊಂದು ಬಂಗಲೆ ಕಟ್ಟಿಸಿದ್ದ. ಸಂತೆಯ ಹಳೆಯ ಬಯಲಿನಲ್ಲಿ ಕಟ್ಟಡ ಎದ್ದ ಮೇಲೆ ಜಾಗ ಕಳೆದುಕೊಂಡಿದ್ದ ಕಾಯಿಪಲ್ಯದವರು ಒಂದು ಸೋಮವಾರ ಅಲ್ಲಿ ಬಂದು ಕೂತರು. ಸಂಜುಕುಮಾರ ಗಾಡಿಯಿಂದ ಇಳಿದವನೇ ಮೊದಲ ಬುಟ್ಟಿಗೆ ಕಾಲು ಬೀಸಿದ.

“ಏಳ ಬೇ. ನಿಮ್ಮಪ್ಪ ಹಾಕ್ಯಾನೇನ ಈ ರೋಡ? ನನ್ನ ರೊಕ್ಕದ್ದು ಇದು.”

ಅಂದು ಎಲ್ಲರೂ ಎದ್ದು ಹೆದ್ದಾರಿಯ ಅಂಚಿಗೆ ಹೋದರು. ಅಲ್ಲಿ ಲಾರಿಗಳು ಎಬ್ಬಿಸುವ ಧೂಳಿಗೆ ಟೊಮೆಟೊ ಯಾವುದು, ಆಲೂಗಡ್ಡೆ ಯಾವುದು ಎಂದು ಕೈಯಿಂದ ಮುಟ್ಟಿ ಹೇಳಬೇಕು. ಬಳ್ಳೊಳ್ಳಿ ಮಾರುವ ರಸೂಲನ ಕಾಲ ಮೇಲೆ ಒಂದು ಟ್ರ್ಯಾಕ್ಟರ್ ಹತ್ತಿಯೇ ಹೋಯಿತು. ಮೆಹರಾಜಬೇಗಂ ಬೈಯಲಿಲ್ಲ, ಶಾಪ ಹಾಕಲಿಲ್ಲ. “ಅವನ ಬಾಗಲದ ಮುಂದನೇ ಅಂಗಡಿ ಹಚ್ಚತೇನಿ” ಎಂದಷ್ಟೇ ಹೇಳಿ ಸುಮ್ಮನಾದಳು. ಆಕೆ ಸುಮ್ಮನಾದ ಸುದ್ದಿ ಕೇಳಿ ಓಣಿಯವರೆಲ್ಲ ಮಕ್ಕಳನ್ನು ಒಳಗೆ ಕರೆದುಕೊಂಡರು.

ಸಂಜುಕುಮಾರನಿಗೂ ಒಂದು ಅಡಚಣೆ ಇತ್ತು. ರಸ್ತೆ, ಗಟಾರ, ದೀಪಗಳನ್ನು ಪುರಸಭೆ ತನ್ನ ಕೈಗೆ ತೆಗೆದುಕೊಳ್ಳುವ ತನಕ ಅವನ ಅರ್ಧ ಪ್ಲಾಟುಗಳನ್ನು ಮಾರುವ ಹಾಗಿಲ್ಲ. ಹಸ್ತಾಂತರಕ್ಕೆ ಅರ್ಜಿ ಹಾಕಿದ. ತಕರಾರು ಇದ್ದವರು ಹೇಳಬಹುದು ಎಂದು ಪುರಸಭೆ ನೋಟಿಸು ಹಚ್ಚಿತು. ರಸೂಲ ಕುಂಟುತ್ತ ಓಡಿ ಬಂದ.

“ಆಪಾ, ಚಾನ್ಸ್ ಸಿಕ್ಕದ. ಎಲ್ಲಾರೂ ಕೂಡಿ ತಕರಾರು ಹಾಕೂಣು.”

“ಹುಚ್ಚ ಇದ್ದೀ ಏನ ಲೇ. ತಕರಾರು ಹಾಕಿದ್ರ ರೋಡ ಅವಂದೇ ಉಳೀತದ. ಮೊದಲ ಅದು ಊರಿಂದು ಆಗ್ಲಿ.”

ಅಲ್ಲಿಂದ ಸೀದಾ ವಾರ್ಡಿನ ಸದಸ್ಯೆ ಸುಮಿತ್ರಾಬಾಯಿಯ ಮನೆಗೆ ನಡೆದಳು. ಸಂತೆಗೆ ಜಾಗ ಎಲ್ಲಿ ಎಂದು ಎಲ್ಲರೂ ಆಕೆಯ ತಲೆ ತಿನ್ನುತ್ತಿದ್ದರು. ಮೆಹರಾಜಬೇಗಂ ಹೇಳಿದ ಜಾಗ ಕೇಳಿ ಆಕೆ ಕೈಯಲ್ಲಿದ್ದ ಸೌತೆಕಾಯಿಯನ್ನು ಹಾಗೇ ಹಿಡಿದು ನಿಂತಳು.

“ಜಾಗಾ ಛಲೋ ಅದ ಬಿಡು. ಆದ್ರ ಸಂತಿಗೆ ನೀರು ಬೇಕು, ಕೂಡಾಕ ಕಟ್ಟಿ ಬೇಕು, ನೆಳ್ಳು ಬೇಕು. ಪುರಸಭೆ ಕಡಿ ರೊಕ್ಕ ಇಲ್ಲವ್ವಾ.”

“ಅದೆಲ್ಲಾ ಅವನ ಕಡಿಂದನೇ ಮಾಡಸ್ತೇನ್ರಿ ಬಾಯರ.”

ಇಂಜಿನಿಯರ್ ವಂದನಾ ರಸ್ತೆ ನೋಡಲು ಬಂದ ದಿನ ಮೆಹರಾಜಬೇಗಂ ಹಬ್ಬದ ಸೀರೆ ಉಟ್ಟು ಹಾಜರಾದಳು. ಲೇಔಟಿನ ಹಿಂದಿನ ಓಣಿಯಲ್ಲೇ ಆಕೆಯ ಮನೆ, ನೆರೆಯವರು ಇಂಜಿನಿಯರ್ ಮುಂದೆ ತಮ್ಮ ಮಾತು ಹೇಳಬಹುದಿತ್ತು. ಸಂಜುಕುಮಾರನ ಮುಖ ಹಾಗಲಕಾಯಿಯಾಯಿತು.

“ರೋಡ ಬಂಗಾರದಂಗ ಅದ ಮೇಡಮ್ಮಾರ” ಎಂದಳು. “ಆದ್ರ ಗಟಾರ ತೆರದದ. ನಾಳೆ ಯಾರರೆ ಬಿದ್ರ ಹೆಸರು ಸಾವ್ಕಾರ್ರದೇ ಕೆಡ್ತದ.”

ವಂದನಾ ನಕ್ಷೆ ಬಿಡಿಸಿ ನೋಡಿದಳು. ಗಟಾರ ಮುಚ್ಚಬೇಕೆಂದು ಅದರಲ್ಲೇ ಇತ್ತು. ಮತ್ತೊಮ್ಮೆ ಬಂದಾಗ ಗಟಾರದುದ್ದಕ್ಕೂ ಅಗಲವಾದ ಶಹಾಬಾದಿ ಹಾಸುಗಲ್ಲುಗಳು ಬಿದ್ದಿದ್ದವು. ಮಹಾರಾಜರೂ ಕೂತರೆ ಏಳದಂಥ ನುಣುಪು. ಆಗ ಮೆಹರಾಜಬೇಗಂಗೆ ನಕ್ಷೆಯಲ್ಲಿದ್ದ ನೀರಿನ ನಳ ಕಾಣಲಿಲ್ಲ. ನಳ ಬಂತು. ಆಮೇಲೆ ನಕ್ಷೆಯಲ್ಲಿದ್ದ ಗಿಡಗಳು ಕಾಣಲಿಲ್ಲ. ಸಸಿ ನೆಟ್ಟು ಕಾಯುವ ತಾಳ್ಮೆ ಸಂಜುಕುಮಾರನಿಗೆಲ್ಲಿ? ನೆರಳು ಬಿಡುವ ಬೇವಿನ ಮರಗಳನ್ನೇ ಬೇರುಸಮೇತ ಲಾರಿಯಲ್ಲಿ ತರಿಸಿದ. ಅವುಗಳ ಮೇಲಿನ ಕಾಗೆಗಳೂ ಜೊತೆಗೇ ಬಂದವು ಎಂದು ನೋಡಿದವರು ಆಣೆ ಮಾಡುತ್ತಾರೆ.

“ಇನ್ನ ಏನರೆ ಉಳದದೇನ?” ಅವನು ಹಲ್ಲು ಕಚ್ಚಿ ಕೇಳಿದ.

“ಇನ್ನೇನಿಲ್ರಿ. ನನಗ ಪಸಂದ್ ಬಂತು.”

ಶುಕ್ರವಾರ ಪುರಸಭೆಯ ಸಾಮಾನ್ಯ ಸಭೆ. ಸಂಜುಕುಮಾರ ಸೆಂಟು ಹಾಕಿಕೊಂಡು ಬಂದಿದ್ದ, ಅದರ ವಾಸನೆ ಭೀಮಾ ನದಿಯನ್ನೂ ದಾಟಿತ್ತು. ಹೊರಗೆ ಹಲಗೆ ಬಾರಿಸುವವರು, ಹಾರ, ಪೇಢೆ ಎಲ್ಲ ತಯಾರು. ಹಸ್ತಾಂತರದ ವಿಷಯ ಬಂತು. ಯಾರದಾದರೂ ತಕರಾರು ಇದೆಯೇ ಎಂದು ಅಧ್ಯಕ್ಷರು ಕೇಳಿದಾಗ ಹಿಂದಿನ ಬೆಂಚಿನಿಂದ ಮೆಹರಾಜಬೇಗಂ ಎದ್ದು ನಿಂತಳು. ಸಭೆಯ ಫ್ಯಾನು ಕೂಡ ತಿರುಗುವುದನ್ನು ಮರೆಯಿತು.

“ಇಂಥಾ ರೋಡ ದಿಲ್ಲಿಯೊಳಗೂ ಇಲ್ರಿ. ಲಗೂನ ತಗೋರಿ.”

ಠರಾವು ಪಾಸಾಯಿತು. ಸಹಿಗಳು ಬಿದ್ದವು. ಇನ್ನೊಂದು ಗಳಿಗೆ ಕೂತಿದ್ದರೆ ಸಂಜುಕುಮಾರ ಉಳಿಯುತ್ತಿದ್ದ. ಆದರೆ ತನ್ನ ಕೆಲಸ ಮುಗಿದ ಮೇಲೆ ಊರ ಕೆಲಸ ಕೇಳುತ್ತ ಕೂಡುವುದು ಅವನ ವಂಶದಲ್ಲೇ ಇರಲಿಲ್ಲ. ಹಲಗೆಯ ಸದ್ದು ಕೇಳಿದ್ದೇ ಹಾರಕ್ಕೆ ಕೊರಳು ಕೊಡಲು ಹೊರಗೆ ಓಡಿದ. ಒಳಗೆ ಸುಮಿತ್ರಾಬಾಯಿ ಮುಂದಿನ ವಿಷಯ ಓದಿದಳು. ಸೋಮವಾರದ ಸಂತೆಯನ್ನು ಪುರಸಭೆಯ ಹೊಸ ರಸ್ತೆಗೆ ಸ್ಥಳಾಂತರಿಸುವುದು. ಹೊರಗಿನ ಹಲಗೆ ಅದಕ್ಕೂ ಸೇರಿಯೇ ಮೊಳಗುತ್ತಿತ್ತು. ಬೇಡವೆನ್ನಲು ಒಳಗೆ ಯಾರೂ ಇರಲಿಲ್ಲ, ಅದೂ ಪಾಸಾಯಿತು.

ಸೋಮವಾರ ಬೆಳಗ್ಗೆ ಸಂಜುಕುಮಾರ ಬನಿಯನ್ನಿನಲ್ಲಿ ಬಾಗಿಲು ತೆರೆದರೆ ಎದುರಿಗೆ ಮೆಣಸಿನಕಾಯಿಯ ಪರ್ವತ. ಜೇವರ್ಗಿ, ಅಂದೋಲಾ, ಸುತ್ತಲಿನ ಹದಿನಾಲ್ಕು ಲೋಕಗಳೂ ಅಲ್ಲಿ ನೆರೆದಿದ್ದವು. ಶಹಾಬಾದಿ ಕಲ್ಲಿನ ಮೇಲೆ ಕಾಲು ಚಾಚಿ ರಸೂಲ ಬಳ್ಳೊಳ್ಳಿ ಸುಲಿಯುತ್ತಿದ್ದ. ಬಾಗಿಲಿಗೆ ಸರಿಯಾಗಿ, ಬೇವಿನ ನೆರಳಿಗೆ, ಮೆಹರಾಜಬೇಗಂ ಕೂತಿದ್ದಳು.

“ಯಾರ ಹೇಳ್ಯಾರ ಇಲ್ಲಿ ಕೂಡಂತ? ರೋಡ ನಂದದ.”

“ನಿಮ್ಮದಿತ್ರಿ. ಶುಕ್ರವಾರ ತನಕ.”

ಅವನು ಬನಿಯನ್ನಿನಲ್ಲೇ ಪುರಸಭೆಗೆ ಓಡಿದ. ರಸ್ತೆ ವಾಪಸು ಕೊಡಿ ಎಂದ. ಮುಖ್ಯಾಧಿಕಾರಿ ಚಹಾ ತರಿಸಿಕೊಟ್ಟರು, ರಸ್ತೆ ಕೊಡಲಿಲ್ಲ. ಅವನು ತಿರುಗಿ ಬರುವಷ್ಟರಲ್ಲಿ ಪ್ಲಾಟು ನೋಡಲು ಕಲಬುರಗಿಯಿಂದ ಬಂದವರ ಕಾರು ಎಮ್ಮೆ ಮತ್ತು ಕುಂಬಳಕಾಯಿಗಳ ನಡುವೆ ಸಿಕ್ಕಿಕೊಂಡಿತ್ತು.

“ಇಲ್ಲಿ ದಿನಾ ಹಿಂಗೇ ಇರ್ತದೇನ್ರಿ?” ಕಾರಿನವರು ಕೇಳಿದರು.

“ಛೇ, ಇವತ್ತ ಮಂದಿ ಭಾಳ ಕಮ್ಮಿ” ಎಂದಳು ಮೆಹರಾಜಬೇಗಂ, ಅವರ ಕಿಟಕಿಯೊಳಗೆ ಕೊತ್ತಂಬರಿ ಇಡುತ್ತ. “ಮುಂದಿನ ವಾರದಿಂದ ಕುರಿ ಸಂತಿನೂ ಕೂಡ್ತದ.”

ಕಾರು ಹಿಂದಕ್ಕೆ ಸರಿದು ಬಂದ ದಾರಿ ಹಿಡಿಯಿತು, ಮತ್ತೆ ಆ ಕಡೆ ಕಾಣಲಿಲ್ಲ.

ನಾಲ್ಕಾರು ಸಂತೆ ಕಳೆದ ಮೇಲೆ ಸಂಜುಕುಮಾರ ತಾನೇ ಆಕೆಯ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ದನಿ ಬೆಣ್ಣೆಯಾಗಿತ್ತು.

“ಲೇಔಟಿನ ಹಿಂದ ನಂದೊಂದು ಜಾಗಾ ಅದ ಆಪಾ. ಶೆಡ್ ಹಾಕಿಸಿ ಕೊಡ್ತೇನಿ, ನೀರೂ ಕೊಡ್ತೇನಿ. ಎಲ್ಲಾರೂ ಅಲ್ಲಿಗಿ ಹೋಗ್ರಿ. ಇಲ್ಲಿಗಿಂತ ಆರಾಮ ಇರ್ತದ.”

ರಸೂಲ ಬಳ್ಳೊಳ್ಳಿ ಸುಲಿಯುವುದನ್ನು ನಿಲ್ಲಿಸಿ ಆಕೆಯತ್ತ ನೋಡಿದ. ಮೆಹರಾಜಬೇಗಂ ಮೆಂತ್ಯದ ಕಟ್ಟಿಗೆ ನೀರು ಚಿಮುಕಿಸಿದಳು. ನಾಲ್ಕು ಹನಿ ಅವನ ಪ್ಯಾಂಟಿನ ಮೇಲೂ ಬಿದ್ದವು.

“ಜಾಗಾ ಛಲೋ ಇರ್ಬೇಕು ಬಿಡ್ರಿ. ಆದ್ರ ಅಲ್ಲಿಂದ ನಿಮ್ಮ ಮಾರಿ ಕಾಣಂಗಿಲ್ಲ.”

ಎಂದವಳೇ ಬಂಗಲೆಯ ಕಿಟಕಿಗಳ ಕಡೆ ತಿರುಗಿ, ಗಾಜುಗಳು ನಡುಗುವಂತೆ ಮೆಂತ್ಯದ ದರ ಕೂಗಿದಳು.