ಹೊಸ ಹೆಪ್ಪು ಕೂರುವ ತನಕ

ಗುಡುಗು ಕೇಳಿದ ಕೂಡಲೇ ಟಿ.ವಿ., ಫ್ರಿಜ್ಜಿನ ವಾಯರು ಕಿತ್ತು ಹಾಕುವುದು ದೊಡ್ಮನೆ ಊರಿನ ಕಡೆಯವರ ರೂಢಿ. ಸಿಡಿಲಿಗೆ ಸಾಮಾನು ಸುಟ್ಟುಕೊಂಡವರು ಬೇಕಷ್ಟು ಜನ. ಹಾಗಾಗಿ ಅವತ್ತು ಮಹಿಳಾ ಸಂಘದ ಕೋಣೆಯಲ್ಲಿ ಗುಡುಗು ಕೇಳಿಸಿದ್ದೇ ತಡ, ವೆಂಕಮ್ಮ ಕಂಪ್ಯೂಟರಿನ ವಾಯರನ್ನೂ ಎಳೆದೇಬಿಟ್ಟಳು.

"ಅಯ್ಯೋ ಅತ್ತೆ! ಈಗಷ್ಟೇ ಸೇವ್ ಒತ್ತಿದ್ದೆ!" ಸೊಸೆ ಮಮತಾ ಕೂಗಿದಳು.

"ಒತ್ತಿದ ಮೇಲೆ ಎಂತಕ್ಕೆ ಕೂಗೂದು? ಪೆಟ್ಟಿಗೆ ಉಳೀತಲ್ಲ, ಮಾರಾಯ್ತಿ."

ಪೆಟ್ಟಿಗೆಯೇನೋ ಉಳಿಯಿತು. ಆದರೆ ಆಮೇಲೆ ನೋಡಿದರೆ, ಊರಿನ ಹಾಡುಗಾರ್ತಿ ನಾಗಿ ಅಜ್ಜಿಯ ಹಾಡುಗಳ ಫೈಲು ತೆರೆಯಲೇ ಇಲ್ಲ. ನಾಟಿ ಹಾಡು, ಮದುವೆ ಹಾಡು, ಎಲ್ಲ ಅದರಲ್ಲೇ. ಅಜ್ಜಿ ಹೇಳಿದ್ದನ್ನು ಮಮತಾ ಬೇಸಿಗೆಯಿಡೀ ಕೂತು ಟೈಪು ಮಾಡಿದ್ದಳು. ಬೇರೆಲ್ಲೂ ಪ್ರತಿ ಇರಲಿಲ್ಲ.

ಮಾರನೇ ದಿನ ಸಿದ್ದಾಪುರದಿಂದ ಕಂಪ್ಯೂಟರ್ ಕಲಿಸಲು ಶಿಲ್ಪಾ ಬಂದಳು. ವೆಂಕಮ್ಮನಿಗೆ ಒಂದೇ ಅನುಮಾನ. "ನಿನ್ನೆ ಬರೆದದ್ದು ಹೋಗ್ಲಿ. ಮೊದಲಿಂದು ಎಲ್ಲಿ ಹೋತು?"

"ಅದೇ ಹೆಸರಲ್ಲಿ ಸೇವ್ ಕೊಟ್ರೆ, ಎಷ್ಟೋ ಸಲ ಹಳೇದನ್ನ ಒರೆಸಿ ಹೊಸದು ಬರೀತದೆ ವೆಂಕಮ್ಮಕ್ಕ. ನಡುವೆ ಕರೆಂಟು ಹೋದ್ರೆ ಹಳೇದೂ ಇಲ್ಲ, ಹೊಸದೂ ಇಲ್ಲ. ಸೇವ್ ಆಯ್ತು ಅಂತ ಕಂಡ್ರೂ, ಒಳಗೆ ಗಟ್ಟಿಯಾಗಿ ಕೂರೂಕೆ ತುಸು ಹೊತ್ತು ಬೇಕು."

ವೆಂಕಮ್ಮ ಮೆಲ್ಲಗೆ ಅಂದಳು: "ಹಂಗಾರೆ ಇದು ಹೆಪ್ಪಿನ ಹಂಗೇ ಆತು. ಹೊಸ ಮೊಸರು ಕೂರದೆ ಹಳೇ ಪಾತ್ರೆ ಯಾರಾದ್ರೂ ತೊಳೀತಾರನೇ?"

"ಅಷ್ಟೇ ನೋಡಿ! ಬೇರೆ ಹೆಸರಲ್ಲಿ ಸೇವ್ ಮಾಡಿ. ಮುಚ್ಚಿ, ಮತ್ತೆ ತೆರೆದು ನೋಡಿ. ಪೂರಾ ಇದ್ರೆ ಆಮೇಲೆ ಹಳೇದು ತೆಗೀರಿ. ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇರ್ಲಿ."

"ಗುಡುಗು ಅಷ್ಟೊತ್ತು ಕಾಯ್ತದಾ?"

"ಕಾಯೂದಿಲ್ಲ. ಅದಕ್ಕೇ ಮೋಡ ಕಟ್ಟಿದಾಗಲೇ ಸೇವ್ ಮಾಡಿ, ಕಂಪ್ಯೂಟರ್ ಸರಿಯಾಗಿ ಬಂದ್ ಮಾಡಿ. ವಾಯರು ಕೀಳೂದು ಕೊನೆಗೆ."

ಹಾಡುಗಳನ್ನು ಮತ್ತೆ ಬರೆದುಕೊಳ್ಳಲು ವೆಂಕಮ್ಮ ತಾನೇ ಅಜ್ಜಿಯ ಮನೆಗೆ ಹೋದಳು.

"ಮತ್ತೆ ಹಾಡೂದಾ? ನಾ ಎಂತ ರೇಡಿಯೋನನೆ?" ನಾಗಿ ಅಜ್ಜಿ ನಕ್ಕು ಹಾಡಲು ಕೂತಳು. ಒಂದೊಂದೇ ಹಾಡು ಬಂತು. ಹೆಣ್ಣು ಒಪ್ಪಿಸುವ ಹಾಡಿನ ನಡುವೆ ಮಾತ್ರ ಅಜ್ಜಿ ತಡೆದಳು. ಧಾಟಿ ಬಂತು, ಮಾತು ಬರಲಿಲ್ಲ. ಅದು ಗೊತ್ತಿದ್ದವರು ಊರಲ್ಲಿ ಬೇರೆ ಯಾರೂ ಇರಲಿಲ್ಲ. ವೆಂಕಮ್ಮ ವಾಯರು ಎಳೆದ ತನ್ನ ಕೈಯನ್ನೇ ನೋಡಿಕೊಂಡಳು.

ಈ ಸಲ ಮಮತಾ ಶಿಲ್ಪಾ ಹೇಳಿದ ಹಾಗೇ ಸೇವ್ ಮಾಡುತ್ತ ಟೈಪು ಮಾಡುವಾಗ ಕರೆಂಟು ತಾನಾಗಿಯೇ ಹೋಯಿತು. ಬಂದ ಮೇಲೆ ಫೈಲು ತೆರೆಯಿತು. ಕೊನೆಯ ನಾಲ್ಕು ಸಾಲು ಬಿಟ್ಟು ಎಲ್ಲವೂ ಇತ್ತು.

"ಅತ್ತೆ, ಹೆಣ್ಣು ಒಪ್ಪಿಸೂ ಹಾಡಿನ ನಡುವೆ ಖಾಲಿ ಉಳೀತು. ಜಾಗ ಬಿಡದೆ ಸಾಲು ಕೂಡಿಸ್ಲಾ?"

"ಬ್ಯಾಡ. ಹಂಗೇ ಬಿಡು. ಅಜ್ಜಿಗೆ ನೆನಪಾದ್ರೆ ಜಾಗ ಬೇಕಲ್ಲ."

ಅಕ್ಕ ತಂಗಿಯರೇ, ನಿಮ್ಮ ಸಂಘದ ಕಂಪ್ಯೂಟರಿನಲ್ಲೂ ಮತ್ತೆ ಸಿಗದಂಥದ್ದು ಏನಾದರೂ ಇದ್ದೀತು. ಹೊಸದು ಗಟ್ಟಿಯಾಗಿ ಕೂತಿದೆಯೆಂದು ಕಣ್ಣಾರೆ ನೋಡದೆ ಹಳೆಯದನ್ನು ಅಳಿಸಬೇಡಿ. ಇವತ್ತೇ ಒಂದು ಪ್ರತಿ ಬೇರೆ ಕಡೆ ಇಡಿ, ಮೋಡ ಕಟ್ಟುವ ಮೊದಲು.