ಮುಟ್ಟಬಾರದ ಹೊರಸು

ಮೊರಬದ ಕೌದಿ ಹೊಲಿಯುವ ಸಂಘದ ಹನ್ನೊಂದು ಹೆಂಗಸರಿಗೆ ಕರಕುಶಲ ಮೇಳದಲ್ಲಿ ಮೊದಲ ಬಹುಮಾನ ಬಂತು. ಮಿಕ್ಸರೋ ಕುಕ್ಕರೋ ಕೊಡುತ್ತಾರೆಂದು ಎಲ್ಲರೂ ಕಾದಿದ್ದರು. ಸಿಕ್ಕಿದ್ದು ಹುಬ್ಬಳ್ಳಿ ಹೊರಗಿನ ಹೊಸ ಕಲಾ ಮ್ಯೂಸಿಯಮ್ಮಿಗೆ ಒಂದು ದಿನದ ಪ್ರವಾಸ, ಜೊತೆಗೆ ಅಲ್ಲಿಯದೇ ಭಾರೀ ಹೋಟೆಲಿನಲ್ಲಿ ಊಟ.

ಸಂಘದ ಅಧ್ಯಕ್ಷೆ ರಹೀಮಾಬಿ ಬಸ್ಸು ಹತ್ತುವ ಮೊದಲೇ ಕಾನೂನು ಸಾರಿದಳು. "ಯಾರೂ ಏನೂ ಮುಟ್ಟಂಗಿಲ್ಲ. ಎಲಿ ಅಡಿಕಿ ಉಗುಳಂಗಿಲ್ಲ. ಬುತ್ತಿ ಗಂಟು ಬ್ಯಾಡ. ಮೊರಬದ ಮರ್ಯಾದಿ ನನ್ನ ಕೈಯಾಗೈತಿ."

"ಯಾವಾಗ ಕೊಟ್ಟರಬೇ ನಿನ್ನ ಕೈಯಾಗ?" ಎಂದಳು ಕುರಿ ಸಾಕಿದ ಮೈಲಾರವ್ವ. ಆದರೂ ಕಂಕುಳಲ್ಲಿದ್ದ ರೊಟ್ಟಿ ಗಂಟನ್ನು ಕಳಿಸಲು ಬಂದಿದ್ದ ಸೊಸೆಯ ಕೈಗಿತ್ತೇ ಹತ್ತಿದಳು.

ಊಟ ಮೊದಲಿಟ್ಟಿದ್ದರು. ಮ್ಯೂಸಿಯಮ್ಮಿನ ಅಧಿಕಾರಿ ದಾನೀಶ್, ಎಳೆ ವಯಸ್ಸಿನ ವಿನಯವಂತ, ಒಬ್ಬೊಬ್ಬರಿಗೂ ಕುರ್ಚಿ ಎಳೆದು ಕೂರಿಸಿದ. ರೊಟ್ಟಿ ಹಂಚಿನಷ್ಟು ಅಗಲದ ಬಿಳಿ ತಟ್ಟೆ ಬಂತು. ನಟ್ಟನಡುವೆ ಬೀಟ್‌ರೂಟಿನ ಒಂದು ಬಿಲ್ಲೆ, ಅದರ ಮೇಲೊಂದು ಕೊತ್ತಂಬರಿ ಎಲೆ.

"ಇದು ರುಚಿ ನೋಡಾಕೇನ್ರಿ?" ಮೈಲಾರವ್ವ ಕೇಳಿದಳು.

"ಊಟಾನ ಐತ್ರಿ ಅಮ್ಮಾರ. ಹಿಂಗ ಏಳು ಸಲ ಬರತೈತಿ," ಎಂದ ದಾನೀಶ್.

ಏಳು ಸಲ ಬಂತು. ಮೂರನೆಯದು ಬರೀ ನೊರೆ. "ಅರಿವಿ ಒಗದ ನೀರ ತಂದಾರಲ್ಲೇ," ಎಂದು ಮೈಲಾರವ್ವ ಪಿಸುಗುಟ್ಟಿದಾಗ ರಹೀಮಾಬಿ ಮೇಜಿನ ಕೆಳಗೆ ಅವಳ ಕಾಲು ತುಳಿದು, ತನ್ನ ಪಾಲಿನ ನೊರೆಯನ್ನು ಅಗಿದು ತೋರಿಸಿದಳು. ಎರಡು ತಾಸು ಉಂಡು ಎದ್ದಾಗ ಹೊಟ್ಟೆ ಬೆಳಿಗ್ಗೆಗಿಂತ ಖಾಲಿಯಾಗಿತ್ತು.

ಆಮೇಲೆ ಚಿತ್ರಗಳು. ಮೂರನೆಯ ಕೋಣೆಗೆ ಬರುವಷ್ಟರಲ್ಲಿ ರಹೀಮಾಬಿಯ ಮೊಣಕಾಲು ಸೋತವು. ಉಳಿದವರು ಮುಂದೆ ಹೋಗಿಬಿಟ್ಟಿದ್ದರು. ಅಲ್ಲೊಂದು ಹಗ್ಗದಿಂದ ಹೆಣೆದ ಹೊರಸು, ಮೇಲೊಂದು ಹಳೆಯ ಕಂಬಳಿ, ಪಕ್ಕದಲ್ಲಿ ತಂಬಿಗೆ. ದಣಿದವರಿಗೆಂದೇ ಹಾಕಿದ್ದಾರೆ, ಎಂಥ ತಿಳಿದ ಮಂದಿ ಎಂದುಕೊಂಡು ಕುಳಿತಳು. ಕುಳಿತ ಮೇಲೆ ಗೋಡೆಯ ಫಲಕ ಕಂಡಿತು: "ಗೈರುಹಾಜರಿ. ದಯವಿಟ್ಟು ಮುಟ್ಟಬೇಡಿ."

ಏಳಬೇಕೆನ್ನುವಷ್ಟರಲ್ಲಿ ಪೇಟೆಯ ಇಬ್ಬರು ಹುಡುಗಿಯರು ಒಳಬಂದರು. ರಹೀಮಾಬಿಗೆ ಏನು ತೋಚಿತೋ, ನೆಲಕ್ಕೆ ಕಣ್ಣು ನೆಟ್ಟು ಉಸಿರು ಹಿಡಿದಳು.

"ಅಬ್ಬಾ, ಮುಖದ ಗೆರೆ ನೋಡೇ! ಮೇಣದ್ದಾ?" ಎಂದಳು ಒಬ್ಬಳು. "ಗೈರುಹಾಜರಿ ಅಂತ ಹೆಸರು. ಇವಳು ಹಾಜರಿದ್ದಾಳಲ್ಲ?"

"ಅದೇ ಅದರ ಅರ್ಥ," ಎಂದಳು ಇನ್ನೊಬ್ಬಳು. "ಮೂಗು ಮಾತ್ರ ಸ್ವಲ್ಪ ದೊಡ್ಡದು ಮಾಡಿಬಿಟ್ಟಿದ್ದಾರೆ."

ಮೂಗಿನ ಮಾತನ್ನೂ ರಹೀಮಾಬಿ ಸಹಿಸಿದಳು. ಸಹಿಸದೆ ಹೋದದ್ದು ಹೊಟ್ಟೆ. ಏಳು ತಟ್ಟೆಗಳ ಸಿಟ್ಟನ್ನೆಲ್ಲ ಸೇರಿಸಿಕೊಂಡು ಅದು ಬೋರಿನ ಮೋಟಾರು ಶುರುವಾದಂತೆ ಗುರ್ರೆಂದಿತು. ಹುಡುಗಿಯರು ಕಿಟಾರನೆ ಕಿರುಚಿದರು. ಗೊಂಬೆಯೂ ಕಿರುಚಿತು.

ದಾನೀಶ್ ಓಡಿಬಂದ, ಅವನ ಹಿಂದೆ ಹತ್ತು ಹೆಂಗಸರು. ರಹೀಮಾಬಿ ಎದ್ದು ಸೆರಗು ಸರಿಮಾಡಿಕೊಂಡಳು. "ಮುಟ್ಟಬ್ಯಾಡ್ರಿ ಅಂದಾಕಿನೂ ನಾನ, ಕುಂತಾಕಿನೂ ನಾನ. ತಪ್ಪಾತ್ರಿ ಸಾಹೇಬ್ರ. ಕಾಲು ಬ್ಯಾನಿ, ಮ್ಯಾಲ ಹಸಿವು."

"ಈಗ ಉಂಡ್ರಲ್ರಿ?"

"ಏಳು ಸಲ ಉಂಡೇವ್ರಿ. ಒಂದ ಸಲಾನೂ ಹೊಟ್ಟಿಗೆ ಗೊತ್ತಾಗಲಿಲ್ಲ."

ದಾನೀಶ್ ಅತ್ತಿತ್ತ ನೋಡಿ, "ನನ್ನ ಹೊಟ್ಟಿಗೂ ಗೊತ್ತಾಗಂಗಿಲ್ರಿ," ಎಂದು ಮೆಲ್ಲಗೆ ಹೇಳಿ, ಹನ್ನೊಂದೂ ಜನರನ್ನು ಅಡುಗೆಮನೆಯ ಹಿತ್ತಲಿಗೆ ಕರೆದೊಯ್ದ. ಅಲ್ಲಿ ಆ ನೊರೆ ಎಬ್ಬಿಸಿದ್ದ ಬಾಣಸಿಗ, ದುಮ್ಮವಾಡದ ಬೀರಲಿಂಗ, ಉದ್ದನೆಯ ಬಿಳಿ ಟೊಪ್ಪಿಗೆ ತೆಗೆದಿಟ್ಟು, ಕೆಲಸದವರ ಜೊತೆ ನೆಲದ ಮೇಲೆ ಕುಳಿತು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ತಿನ್ನುತ್ತಿದ್ದ.

"ನೀ ಮಾಡಿದ್ದ ನೀನ ಯಾಕ ತಿನ್ನಂಗಿಲ್ಲೋ?" ಮೈಲಾರವ್ವ ಕೇಳಿದಳು.

"ಅದು ನೋಡಾಕ್ರಿ ಯವ್ವಾ," ಎಂದು ಅವನು ಸರಿದು ಜಾಗ ಮಾಡಿದ. "ಬರ್ರಿ, ಕುಂದರ್ರಿ."

ನಾಲ್ಕನೆಯ ರೊಟ್ಟಿ ಮುರಿಯುತ್ತ ರಹೀಮಾಬಿ, ಈ ಸುದ್ದಿ ಯಾರ ಬಾಯಿಂದಲೂ ಹೊರಬೀಳಬಾರದೆಂದು ಎಲ್ಲರಿಂದ ಆಣೆ ಹಾಕಿಸಿಕೊಂಡಳು.

ಬಸ್ಸು ಹುಬ್ಬಳ್ಳಿ ದಾಟುವ ಮೊದಲೇ ಮೈಲಾರವ್ವ ಡ್ರೈವರನಿಗೆ ಹೇಳತೊಡಗಿದಳು. ಹೇಳಿದ್ದೂ ಕೆಟ್ಟದಾಗಿ: ಹೊಟ್ಟೆಯ ಸದ್ದನ್ನು ಕುರಿ ಕೆಮ್ಮಿದಂತೆ ಮಾಡಿದಳು. ಸ್ವಲ್ಪ ಹೊತ್ತು ತಡೆದುಕೊಂಡ ರಹೀಮಾಬಿ ಕೊನೆಗೆ ಎದ್ದೇ ನಿಂತಳು. "ಹಂಗಲ್ಲಬೇ, ಅತ್ತಾಗ ಸರಿ," ಎಂದವಳೇ ಕಂಬಿ ಹಿಡಿದುಕೊಂಡು, ಮೊದಲಿನಿಂದ ತಾನೇ ಶುರುಮಾಡಿದಳು. ಡ್ರೈವರ್ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿಯೇ ಕೇಳಿದ.